ತೂಬಿನ ಕಲ್ಲಿನ ಸ್ಟೇಷನ್

ಮೆಟ್ರಿ ಊರಿನ ಜಡೆಪ್ಪನ ಬಾಯಿಗೆ ಬಾಗಿಲಿರಲಿಲ್ಲ. ಇದ್ದ ಬಾಗಿಲನ್ನೂ ಕಂಪ್ಲಿಯ ರೈಸ್‌ಮಿಲ್ಲು ಕಿತ್ತುಹಾಕಿತ್ತು. ಮೀಸೆ ಮೂಡಿದಾಗಿನಿಂದ ಹಲ್ಲು ಅಲುಗುವ ತನಕ ಅವನು ಆ ಮಿಲ್ಲಿನಲ್ಲಿ ಭತ್ತದ ಗುಮಾಸ್ತ. ಅಲ್ಲಿ ಯಂತ್ರದ ಸದ್ದನ್ನು ಮೀರಿ ಒದರಿದರೆ ಮಾತು, ಇಲ್ಲದಿದ್ದರೆ ಬರೀ ತುಟಿ ಅಲ್ಲಾಡಿಸಿದ ಹಾಗೆ. ಮಿಲ್ಲು ಬಿಟ್ಟ ಮೇಲೆ ಸದ್ದು ಹಿಂದೆ ಉಳಿಯಿತು, ಒದರುವುದು ಮಾತ್ರ ಅವನ ಜೊತೆ ಮನೆಗೆ ಬಂತು. ಹೆಂಡತಿ ಮುದುಕಮ್ಮನಿಗೆ ಅವನೇನಾದರೂ ಗುಟ್ಟು ಹೇಳಿದನೋ, ಕಾಲುವೆಯಾಚೆ ನಾಟಿ ಹಚ್ಚುವ ಹೆಂಗಸರು ತಲೆಯೆತ್ತಿ ನಗುತ್ತಿದ್ದರು.

ಮಿಲ್ಲು ಅವನ ಬಲಗಿವಿಯನ್ನೂ ತಿಂದುಹಾಕಿತ್ತು. ಹೊಸಪೇಟೆಯಲ್ಲಿ ಕಿವಿ ನೋಡುವ ಕ್ಯಾಂಪು ನಡೆದಾಗ ಮುದುಕಮ್ಮ ಅವನನ್ನು ಕರೆದುಕೊಂಡು ಹೋಗಿ ಒಂದು ಕಿವಿ ಮಿಷನ್ನು ಹಾಕಿಸಿ ತಂದಳು. ಮನೆಗೆ ಬಂದು ಜಡೆಪ್ಪ ನೀರು ಕೇಳಿದ. ಕೇಳಿದವನೇ ಬೆಚ್ಚಿ ಹಿಂದೆ ತಿರುಗಿದ.

“ಯಾವನ್ಲೇ ಅವ, ಹಂಗ ಒದರಾವ?”

“ನೀವs ರೀ,” ಅಂದಳು ಮುದುಕಮ್ಮ. “ನಲವತ್ತು ವರ್ಷದಿಂದ ನಾ ಕೇಳಾಕತ್ತಿದ್ದು ಇದನ್ನs. ಈಗ ನೀವೂ ಒಂದೀಟು ಕೇಳ್ರಿ.”

ಅಂದೇ ಮಿಷನ್ನು ಅಡಕೆಲೆ ಡಬ್ಬಿ ಸೇರಿತು. ಆದರೆ ಅದನ್ನು ಮುದುಕಮ್ಮನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ರುಮಾಲನ್ನು ಕಿವಿ ಮುಚ್ಚುವ ಹಾಗೆ ಸುತ್ತಿಕೊಂಡು ತಿರುಗಾಡತೊಡಗಿದ. ಮುಂದಿನ ಕಿತಾಪತಿಗೆಲ್ಲ ಬೀಜ ಬಿದ್ದದ್ದು ಈ ರುಮಾಲಿನೊಳಗೆ.

ಆ ಹೊತ್ತಿಗೆ ಹೊಸಪೇಟೆಯಲ್ಲಿ ‘ಬಂಡೆಮಾತು’ ಅಂತ ಒಂದು ಹೊಸ ರೇಡಿಯೊ ಸ್ಟೇಷನ್ ಶುರುವಾಗಿತ್ತು. ಬೆಳಗಾದರೆ ಹರಟೆ, ಸಂಜೆಯಾದರೆ ಆಟ. “ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ನಾಲ್ಕೂ ಕಡೆ ನಮ್ಮದೇ ದನಿ” ಅಂತ ಅದರವರು ಗಂಟೆಗೊಮ್ಮೆ ಹೇಳಿಕೊಳ್ಳುತ್ತಿದ್ದರು. ಹೇಳಿಕೊಳ್ಳುವುದಕ್ಕೆ ಏನು ಕಷ್ಟ? ಸಂಡೂರಿನ ಗುಡ್ಡ ಹತ್ತಿದರೆ ದನಿ ಸಿಗುತ್ತಿತ್ತು, ಇಳಿದರೆ ಕೊಸರಿಕೊಂಡು ಹೋಗುತ್ತಿತ್ತು. ಹಂಪಿಯಲ್ಲಿ ಒಂದು ಬಂಡೆಯ ಈಚೆ ಹಾಡು, ಆಚೆ ಬರೀ ಕರಕರ. ಕಂಪ್ಲಿಯಲ್ಲಿ ಮಹಡಿ ಮನೆಯವರಿಗಷ್ಟೇ ಯೋಗ. ಇನ್ನು ಮೆಟ್ರಿಯಂತೂ ಆ ಬಂಡೆಗುಡ್ಡಗಳ ಮರೆಗೆ ಬಿದ್ದ ಊರು. ಅಲ್ಲಿ ರೇಡಿಯೊ ತಿರುವಿದರೆ ಹುರುಳಿ ಹುರಿದ ಸದ್ದು.

ಒಂದು ಜಾಗ ಮಾತ್ರ ಬೇರೆ. ಊರ ಮುಂದೆ ಕಾಲುವೆಯಿಂದ ಗದ್ದೆಗೆ ನೀರು ಬಿಡುವ ತೂಬು ಇದೆ, ತೂಬಿನ ಪಕ್ಕ ಒಂದು ಹಾಸುಗಲ್ಲು. ಮೊಮ್ಮಗಳು ಬಿಟ್ಟುಹೋದ ಗುಂಡಿ ಒತ್ತುವ ಫೋನು ಜಡೆಪ್ಪನ ಬಳಿ ಇತ್ತು. ವೈರು ಸಿಕ್ಕಿಸಿದರೆ ಅದರಲ್ಲಿ ರೇಡಿಯೊ ಬರುತ್ತದೆ, ವೈರೇ ಅದರ ಏರಿಯಲ್ಲು. ಒಂದು ಭಾನುವಾರ ಸಂಜೆ ಅವನು ವೈರನ್ನು ಕಿವಿಗಿಟ್ಟುಕೊಂಡು ಆ ಕಲ್ಲಿನ ಮೇಲೆ ಕೂತ. ಎರಡು ಗುಡ್ಡಗಳ ನಡುವಿನ ಸಂದಿಯಿಂದ ನುಸುಳಿಕೊಂಡು ಬಂದ ‘ಬಂಡೆಮಾತು’ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಿಸಿತು. ನಾಲ್ಕೂರು ಕಪ್ ಕಬಡ್ಡಿ. ಕಾಮೆಂಟರಿ ಹೇಳುತ್ತಿದ್ದವಳು ತ್ರಿವೇಣಿ ಅನ್ನುವ ಹುಡುಗಿ. ಕಾದ ಎಣ್ಣೆಗೆ ಮಿರ್ಚಿ ಬಿಟ್ಟ ಹಾಗೆ ಚುರುಚುರು ಮಾತು. ಜಡೆಪ್ಪನಿಗೆ ಅವಳ ಮೇಲೆ ಭಾಳ ಗೌರವ ಬಂತು. ಉಸಿರು ತೆಗೆದುಕೊಳ್ಳದೆ ಮಾತಾಡುವ ಇನ್ನೊಂದು ಜೀವವನ್ನು ಅವನು ಕಂಡದ್ದು ಅದೇ ಮೊದಲು.

ಕಲ್ಲಿನ ಎದುರಿಗೆ ರಸ್ತೆಯಾಚೆ ಬಸವಕುಮಾರನ ಚಾ ಹೋಟೆಲು. ಅದೇ ಕಪ್ ಸಲುವಾಗಿ ಅವನು ಗೋಡೆಯಗಲ ಟಿವಿ ತಂದು, ಯೂಟ್ಯೂಬ್ ಲೈವ್ ಹಚ್ಚಿ, ರಸ್ತೆಗೆ ಮುಖ ಮಾಡಿ ಇಟ್ಟಿದ್ದ. ಲೈವ್ ಅನ್ನುವುದು ಹೆಸರಿಗೆ. ಹೊಸಪೇಟೆಯ ಮೈದಾನದಲ್ಲಿ ಆದದ್ದು ನೆಟ್‌ವರ್ಕಿನಲ್ಲಿ ಏಳುತ್ತ ಬೀಳುತ್ತ ಮೆಟ್ರಿಗೆ ಬರುವ ಹೊತ್ತಿಗೆ ಅರ್ಧ ಮುಕ್ಕಾಲು ನಿಮಿಷ ಹಳಸಿರುತ್ತಿತ್ತು. ಕಬಡ್ಡಿಯಲ್ಲಿ ಒಂದು ರೇಡು ನಡೆಯುವುದೇ ಅರ್ಧ ನಿಮಿಷ. ಅಂದರೆ ಟಿವಿಯಲ್ಲಿ ಹುಡುಗ ತೊಡೆ ತಟ್ಟಿ ಗೆರೆ ದಾಟುವಾಗ, ಅವನು ಸಿಕ್ಕಿಬಿದ್ದನೋ ತಪ್ಪಿಸಿಕೊಂಡನೋ ಅನ್ನುವುದನ್ನು ತ್ರಿವೇಣಿ ಜಡೆಪ್ಪನ ಕಿವಿಯಲ್ಲಿ ಆಗಲೇ ಹೇಳಿ ಮುಗಿಸಿರುತ್ತಿದ್ದಳು.

ಇದು ಗೊತ್ತಾದ ಕ್ಷಣ ಜಡೆಪ್ಪನ ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟ ಹಾಗಾಯಿತು. ವೈರನ್ನು ಕುತ್ತಿಗೆಯ ಪಕ್ಕದಿಂದ ಅಂಗಿಯೊಳಗೆ ಇಳಿಸಿ ಫೋನನ್ನು ಬನೀನಿನ ಜೇಬಿಗೆ ಬಿಟ್ಟ. ಕಿವಿಯ ಮೇಲೆ ರುಮಾಲು ಎಳೆದ. ಯಾರಾದರೂ ಕೇಳಿದರೆ ಕಿವಿ ಮಿಷನ್ನಿನ ನೆಪ ಇದ್ದೇ ಇತ್ತು. ರಸ್ತೆಯಾಚೆಗೆ ಕೇಳುವ ಹಾಗೆ, ಅಂದರೆ ತನ್ನ ಮಾಮೂಲಿ ದನಿಯಲ್ಲಿ, “ಈ ಹುಡುಗ ಮೂಲ್ಯಾಗ ಸಿಕ್ಕ್ ಬೀಳ್ತಾನ್ ನೋಡ್ರಿ” ಅಂದ.

ಹುಡುಗ ಮೂಲೆಯಲ್ಲಿ ಸಿಕ್ಕಿಬಿದ್ದ.

“ಇವ ಎರಡು ಪಾಯಿಂಟ್ ತರ್ತಾನ.”

ತಂದ.

ಮೂರನೆಯದಕ್ಕೆ ಹೋಟೆಲಿನವರೆಲ್ಲ ಟಿವಿ ಬಿಟ್ಟು ಕಲ್ಲಿನ ಕಡೆ ತಿರುಗಿದರು. ನಾಲ್ಕನೆಯದಕ್ಕೆ ಚಾ ಕಪ್ಪು ಹಿಡಿದುಕೊಂಡೇ ರಸ್ತೆ ದಾಟಿ ಬಂದರು.

ಮುಂದಿನ ಭಾನುವಾರದ ಹೊತ್ತಿಗೆ ಜಡೆಪ್ಪನಿಗೆ ವಾಕ್‌ಸಿದ್ಧಿ ಬಂದಿದೆ ಅನ್ನುವ ಸುದ್ದಿ ಮೂರು ಊರು ತಿರುಗಿತ್ತು. ಕಲ್ಲಿನ ಮೇಲೆ ಕೂತರಷ್ಟೇ ಬರುತ್ತದೆ, ಎದ್ದರೆ ಹೋಗುತ್ತದೆ ಅನ್ನುವುದನ್ನೂ ಜನ ಕಂಡುಕೊಂಡರು. ಇದು ಕಲ್ಲಿನ ಮಹಿಮೆಯೋ ಜಡೆಪ್ಪನ ಮಹಿಮೆಯೋ ಅಂತ ವಾದವಾಯಿತು. ಯಾಕೆ ಬೇಕು ಅಂತ ಯಾರೋ ಎರಡಕ್ಕೂ ವಿಭೂತಿ ಹಚ್ಚಿದರು. ಎಲ್ಲರಿಗಿಂತ ಹೆಚ್ಚು ನಂಬಿದವನು ವೆಲ್ಡಿಂಗ್ ಓಬಳೇಶ. ಕೈಮುಗಿದುಕೊಂಡು ಬಂದು ನಿಂತ.

“ಅಜ್ಜಾರ, ನನ್ನ ಎಮ್ಮಿ ಗಬ್ಬ ಐತ್ರಿ. ಹೆಣ್ಣ್‌ಗರ ಹಾಕತೈತೋ ಗಂಡ್‌ಗರನೋ?”

“ನಿನ್ನ ಎಮ್ಮಿ ಕಬಡ್ಡಿ ಆಡತೈತೇನ್ಲೇ?”

“ಇಲ್ರಿ.”

“ಮತ್ತ? ನಂಗ ಕಾಣೋದು ಕೋರ್ಟಿನೊಳಗಿಂದು ಅಷ್ಟ. ಹೊರಗಿಂದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ.”

ಈ ಮಾತಿನಿಂದ ಓಬಳೇಶನ ನಂಬಿಕೆ ಇನ್ನೂ ಗಟ್ಟಿಯಾಯಿತು. ಕಳ್ಳ ಸ್ವಾಮಿಯಾಗಿದ್ದರೆ ಎಮ್ಮೆಯದನ್ನೂ ಹೇಳುತ್ತಿದ್ದ ಅಂತ ಅವನ ಲೆಕ್ಕ.

ಊರಲ್ಲಿ ಒಬ್ಬಳು ಮಾತ್ರ ಕೈಮುಗಿಯಲಿಲ್ಲ. ಕಲ್ಲಿನ ಪಕ್ಕದಲ್ಲೇ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾರುವ ಹೊನ್ನೂರಮ್ಮ. ತವರು ಆದೋನಿ ಕಡೆ, ಬೈಯುವಾಗ ತೆಲುಗು, ನಗುವಾಗ ಕನ್ನಡ. ಬಾಣಲೆ ಇಳಿಸಿ ಒಂದು ದಿನ ಅವಳು ಮೆಲ್ಲಗೆ ಕೇಳಿದಳು.

“ಮಾವಾ, ನಿನ್ನ ಕಿವುಡು ಯಾವ ಕಿವಿಗೆ?”

“ಬಲಗಿವಿಗೆ ಯವ್ವಾ. ಮಿಲ್ಲಿನಾಗ ಹೋತು.”

“ಮತ್ತ ಮಿಷನ್ನು ಎಡಗಿವಿಗೆ ಯಾಕ ಐತಿ?”

ಜಡೆಪ್ಪ ರುಮಾಲನ್ನು ಇನ್ನಷ್ಟು ಕೆಳಗೆ ಎಳೆದ. ಹೊನ್ನೂರಮ್ಮ ಎರಡು ಬೆರಳಲ್ಲಿ ರುಮಾಲು ಸರಿಸಿ, ವೈರು ಎಳೆದು ತನ್ನ ಕಿವಿಗಿಟ್ಟುಕೊಂಡಳು. ತ್ರಿವೇಣಿ ಅಲ್ಲಿ ಹಲ್ಲುಪುಡಿಯ ಜಾಹೀರಾತು ಓದುತ್ತಿದ್ದಳು.

“ಓಹೋ,” ಅಂದಳು ಹೊನ್ನೂರಮ್ಮ. “ವಾಕ್‌ಸಿದ್ಧಿ ಹಲ್ಲುಪುಡೀನೂ ಮಾರತೈತಿ.”

“ಹೊನ್ನೂರೀ, ನಿನ್ನ ಕಾಲು ಹಿಡೀತೀನಿ.”

“ಕಾಲು ಬ್ಯಾಡ. ಹ್ವಾದ ವಾರ ನನ್ನ ಮಿರ್ಚಿಗೆ ಒದ್ದಿ ಕಾಲುಚೀಲ ಅಂದಿದ್ದೆಲ್ಲ, ಮಂದಿ ಮುಂದ? ಇವತ್ತಿಂದ ಪ್ರತಿ ಹಾಫಿಗೂ ಹೊನ್ನೂರಮ್ಮನ ಮಿರ್ಚಿ ಅಂದ್ರ ಮಿರ್ಚಿ ಅನ್ನಬೇಕು. ಒದರಿ ಅನ್ನಬೇಕು.”

ಅಂದಿನಿಂದ ವಾಕ್‌ಸಿದ್ಧಿಯೂ ಮಿರ್ಚಿ ಮಾರತೊಡಗಿತು.

ಇದರಿಂದ ಉರಿದದ್ದು ಬಸವಕುಮಾರನಿಗೆ. ಅವನ ಸಿಟ್ಟಿನಲ್ಲೂ ನ್ಯಾಯವಿತ್ತು. ಅಷ್ಟು ದೊಡ್ಡ ಟಿವಿ ತಂದಿದ್ದಾನೆ, ಬೆಂಚು ಹಾಕಿಸಿದ್ದಾನೆ, ಜನ ಉಸಿರು ಬಿಗಿಹಿಡಿದು ನೋಡುವ ಹೊತ್ತಿಗೆ ಆಚೆಯಿಂದ ಈ ಮುದುಕ, ‘ಸಿಕ್ಕ್ ಬೀಳ್ತಾನ ಬಿಡ್ರಿ’ ಅಂತ ಆಟದ ಕುತ್ತಿಗೆ ಹಿಸುಕಿಬಿಡುತ್ತಾನೆ. ಆಮೇಲೆ ಟಿವಿಯಲ್ಲಿ ಬರುವುದು ಹೆಣ. ಹೆಣ ನೋಡುತ್ತ ಯಾರು ಚಾ ಕುಡಿಯುತ್ತಾರೆ?

ಸೆಮಿಫೈನಲ್ ದಿನ ಅವನಿಗೆ ಒಂದು ಎಳೆ ಸಿಕ್ಕಿತು.

ಅಂದು ಕಲ್ಲಿನ ಮೇಲೆ ಭಕ್ತರು ಹೆಚ್ಚಾಗಿ, ಓಬಳೇಶ ತಾನೂ ಅಂಡು ಊರಿ ಜಡೆಪ್ಪನನ್ನು ಮೂಡಲ ಅಂಚಿಗೆ ದಬ್ಬಿದ್ದ. ಒಂದು ಮೊಳ ಸರಿದದ್ದೇ ತಡ, ತ್ರಿವೇಣಿ ಮುಳುಗಿದಳು. ಮೂಡಲಿಂದ, ಆಂಧ್ರದ ಕಡೆಯ ಯಾವುದೋ ಸ್ಟೇಷನ್ನು ಅವಳ ಮೇಲೆ ಹತ್ತಿ ಕೂತಿತು. ಕರಕರದ ನಡುವೆ ಜಡೆಪ್ಪನಿಗೆ ಕೇಳಿದ್ದು ಒಂದೇ ಮಾತು: “ಓಡಿಪೋಯಾಡು.” ತ್ರಿವೇಣಿ ಹುರುಪಿನಲ್ಲಿ ನಾಲಿಗೆ ಹೊರಳಿಸಿ ‘ಓಡಿ ಹೋದ’ ಅಂದಳು ಅಂತ ಅವನು ತಿಳಿದ.

“ಓಡಿ ಹೋಗ್ತಾನ! ಯಾರ ಕೈಗೂ ಸಿಗಂಗಿಲ್ಲ!” ಅಂತ ಸಾರಿದ.

ಹುಡುಗ ಗೆರೆ ದಾಟಿ ಎರಡು ಹೆಜ್ಜೆ ಇಟ್ಟಿದ್ದನಷ್ಟೇ, ಐದು ಜನ ಅವನ ಮೇಲೆ ಬಿದ್ದರು. ಅಂಗಾಲು ಬಿಟ್ಟರೆ ಬೇರೇನೂ ಕಾಣಲಿಲ್ಲ.

ರಸ್ತೆಯಾಚೆ ಬಸವಕುಮಾರ ಸೌಟಿನಿಂದ ಪಾತ್ರೆ ಬಡಿದು ನಕ್ಕ. ಜಡೆಪ್ಪ ತನ್ನ ಜನ್ಮದಲ್ಲಿ ಮೊದಲ ಸಲ ಹಾಫ್ ಟೈಮ್ ತನಕ ಮಾತಾಡಲಿಲ್ಲ. ಜನ ಚದುರಿದ ಮೇಲೆ ಹೊನ್ನೂರಮ್ಮ ವೈರು ಇಸಕೊಂಡು ಕೇಳಿ, ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಮಾವಾ, ಇದು ಡಾಕ್ಟರ್ ಪ್ರೋಗ್ರಾಮು. ಮಂದಿ ಫೋನ್ ಮಾಡಿ ಹೊಟ್ಟಿ ನೋವು ಹೇಳ್ತಾರ. ಯಾರೋ ಗುಟ್ಕಾ ಬಿಡಾಕ ಹೋಗಿ ಓಡಿಪೋಯಾಡಂತ.”

“ಎಲ್ಲಿಗೆ ಓಡಿ ಹ್ವಾದ?”

“ಎಲ್ಲಿಗೂ ಹೋಗಿಲ್ಲ. ಸೋತ. ತೆಲುಗಿನಾಗ ಓಡಿಪೋದು ಅಂದ್ರ ಸೋಲೋದು.”

“ಎಂಥಾ ಭಾಷಾ ಇದು,” ಅಂದ ಜಡೆಪ್ಪ. “ಓಡಿ ಹ್ವಾದಾವ ಸೋತಂಗs?”

“ಮತ್ತ ಗೆದ್ದಾವ ಯಾಕ ಓಡ್ತಾನ, ನೀನs ಹೇಳು.”

ಜಡೆಪ್ಪ ವೈರು ಇಸಕೊಂಡು ಕಲ್ಲಿನ ನಡುವಿಗೆ ಸರಿದು ಕೂತ.

ಮರುದಿನ ಬಸವಕುಮಾರ ನಾಲ್ಕು ಜನರನ್ನು ಕರೆದುಕೊಂಡು ಕಲ್ಲಿನ ಮುಂದೆ ಬಂದು ನಿಂತ.

“ಕಾಕಾ, ಫೈನಲ್ಲು ನಮ್ಮ ಕಂಪ್ಲಿಗೂ ಸಂಡೂರಿಗೂ. ಮೂರು ರೇಡು ಹೇಳ್ರಿ ಸಾಕು. ಯಾವ ಮೂರು ಅನ್ನೋದು ನಾ ಆರಿಸ್ತೀನಿ. ಮೂರರಾಗ ಎರಡು ಖರೇ ಆಗಬೇಕು.”

“ಆಗಲಿಲ್ಲಂದ್ರ?”

“ಮುಂದಿನ ತಿಂಗಳು ಕ್ರಿಕೆಟ್ ಶುರುವಾಗತೈತೆಲ್ಲ. ಅದು ಮುಗಿಯೋ ತನಕ ದಿನಾ ನನ್ನ ಹೋಟೆಲಿಗೆ ಬರಬೇಕು, ಬೆಂಚಿನ ಮ್ಯಾಲ ಕುಂದ್ರಬೇಕು, ಪಿಟ್ಟಂತ ಒಂದು ಮಾತು ಆಡಬಾರದು.”

ಕೂತಿದ್ದ ಜನ ‘ಹೋ’ ಅಂದರು. ಉಪವಾಸ ಮಾಡು, ಊರು ಬಿಡು ಅಂದಿದ್ದರೆ ಜಡೆಪ್ಪ ನಗುತ್ತ ಒಪ್ಪುತ್ತಿದ್ದ. ಇದು ಹಾಗಲ್ಲ.

“ಗೆದ್ರ?”

“ಕ್ರಿಕೆಟ್ ಪೂರಾ ನನ್ನ ಟಿವಿ ಬಾಯಿ ಮುಚ್ಚತೀನಿ. ಚಿತ್ರ ನಂದು, ಮಾತು ನಿಮ್ದು. ನನ್ನ ಕುರ್ಚಿ ಬಿಟ್ಟು ಕೊಡ್ತೀನಿ, ಒದರಿಕೋತ ಕುಂದ್ರಿ.”

ಬಾಯಿಗೆ ಬಾಯಿ. ಜಡೆಪ್ಪನ ಕಣ್ಣು ಮಿಂಚಿತು. ಒಂದು ಇಡೀ ಕ್ರಿಕೆಟ್ಟು, ಅದೂ ಕೇಳುವ ಜನರನ್ನು ಬೆಂಚಿನ ಮೇಲೆ ಕೂರಿಸಿಕೊಂಡು. ಆದರೆ ಕಲ್ಲು ಬಿಟ್ಟು ಬರುವುದಿಲ್ಲ ಅಂದ. “ಕಲ್ಲಿನ ಮ್ಯಾಲ ಆದ್ರ ಹೂಂ.”

“ಕಲ್ಲನ್ನ ತಲಿ ಮ್ಯಾಲ ಹೊತ್ಕೊಂಡರ ಕುಂದ್ರಿ,” ಅಂದ ಬಸವಕುಮಾರ. “ತೀರ್ಪು ಹೊನ್ನೂರಕ್ಕಂದು. ಆಕಿ ಯಾರಿಗೂ ಅಂಜಂಗಿಲ್ಲ.”

ಮನೆಯಲ್ಲಿ ಮುದುಕಮ್ಮನಿಗೆ ವಿಷಯ ತಿಳಿಯಿತು. ಅವಳು ದೇವರ ಮುಂದೆ ದೀಪ ಹಚ್ಚಿ ಕೈಮುಗಿದಳು. ಯಾರು ಗೆಲ್ಲಲಿ ಅಂತ ಬೇಡಿಕೊಂಡೆ ಅಂತ ಜಡೆಪ್ಪ ಎಷ್ಟು ಕೇಳಿದರೂ ಹೇಳಲಿಲ್ಲ.

ಫೈನಲ್ ಭಾನುವಾರ ನಾಲ್ಕಕ್ಕೆ. ಜಡೆಪ್ಪ ಊಟ ಮಾಡಿ, ಒಂದು ನಿದ್ದೆ ತೆಗೆದು, ಫೋನಿಗೆ ಕರೆಂಟು ಕುಡಿಸಿ, ರುಮಾಲು ಸುತ್ತಿಕೊಂಡು ತೂಬಿನ ಕಡೆ ನಡೆದ. ದೂರದಿಂದ ಏನೋ ಫಳಫಳ ಹೊಳೆಯುವುದು ಕಾಣಿಸಿತು. ಹತ್ತಿರ ಬಂದು ನೋಡಿ ನಿಂತುಬಿಟ್ಟ.

ಕಲ್ಲಿನ ಮೇಲೆ ಹೊಸ ತಗಡಿನ ಚಪ್ಪರ ಎದ್ದಿತ್ತು. ಮೇಲೆ ತಗಡು, ಪಡುವಲಿಗೆ ತಗಡು, ಎರಡು ಮಗ್ಗುಲಿಗೂ ಅರ್ಧರ್ಧ ತಗಡು. ತೆರೆದಿದ್ದದ್ದು ಮೂಡಲ ಕಡೆ ಒಂದೇ, ರಸ್ತೆಗೆ ಮುಖವಾಗಿ. ಓಬಳೇಶ ಬೆವರು ಒರೆಸಿಕೊಳ್ಳುತ್ತ ಕಂಬಕ್ಕೆ ಕೊನೆಯ ವೆಲ್ಡಿಂಗ್ ಹೊಡೆಯುತ್ತಿದ್ದ.

“ಇಳಿಬಿಸ್ಲು ನಿಮ್ಮ ಬೆನ್ನಿಗೇ ಹೊಡೀತಿತ್ರಿ ಅಜ್ಜಾರ. ನಂಗ ನೋಡಾಕ ಆಗಲಿಲ್ಲ. ಹೊಸಪೇಟಿ ದಿಕ್ಕು ಪೂರಾ ಬಂದ್ ಮಾಡೀನಿ. ಒಂದು ಕಿರಣ ಒಳಗ ಬರ್ಲಿ, ನನ್ನ ಕೇಳ್ರಿ.”

ಜಡೆಪ್ಪ ಅವನನ್ನು ನೋಡಿದ. ಭಕ್ತಿಯಲ್ಲಿ ಹೊಳೆಯುವ ಆ ಮುಖಕ್ಕೆ ಏನು ಹೇಳುವುದು? ತಗಡು ಕೀಳು ಅಂದರೆ ಯಾಕೆ ಅನ್ನುತ್ತಾನೆ. ಯಾಕೆ ಅಂದರೆ ಬನೀನಿನ ಜೇಬು ತೋರಿಸಬೇಕು.

“ಭಾಳ ಚಲೋ ಮಾಡೀದಿ ನೋಡಪ್ಪಾ,” ಅಂದ ಹಲ್ಲು ಕಚ್ಚಿ. “ನಿನ್ನ ಕೈಗೆ ಏನು ಮಾಡಬೇಕೋ ತಿಳೀವಲ್ದು.”

“ನಿಮ್ಮ ಆಶೀರ್ವಾದ ರೀ.”

ಒಳಗೆ ಕೂತು ಗುಂಡಿ ಒತ್ತಿದ. ತ್ರಿವೇಣಿ ಇಲ್ಲ. ಬಲಕ್ಕೆ ಬಾಗಿದ, ಎಡಕ್ಕೆ ಬಾಗಿದ, ಚೌಡಿ ಮೈಮೇಲೆ ಬಂದವನ ಹಾಗೆ ತಲೆ ತಿರುಗಿಸಿದ. ಓಬಳೇಶ, “ಬಂತು, ಬಂತು, ಸೈಡ್ ಬಿಡ್ರಿ” ಅಂತ ಜನರನ್ನು ಹಿಂದೆ ಸರಿಸಿದ. ಬಂದದ್ದು ಆಂಧ್ರದ ಡಾಕ್ಟರು. ತೆರೆದ ಮೂಡಲಿಂದ ಸೀದಾ ಬಂದು, ಮೂರು ತಗಡಿಗೆ ಬಡಿದು, ಶುದ್ಧ ಗಂಟೆಯ ಹಾಗೆ ಕೇಳಿಸಿದ. ಯಾವಳೋ ಹೆಂಗಸು ಅವನಿಗೆ ಫೋನಿನಲ್ಲಿ, “ಅನ್ನಂ ತಿನ್ನ ವೆಂಟನೇ ಕಡುಪುಲೋ ಮಂಟ” ಅನ್ನುತ್ತಿದ್ದಳು. ಉಂಡ ಕೂಡಲೇ ಹೊಟ್ಟೆಯಲ್ಲಿ ಉರಿಯಂತೆ.

ಆಟ ಶುರುವಾಯಿತು. ಸಂಡೂರು ಮುಂದೆ, ಆಮೇಲೆ ಕಂಪ್ಲಿ ಮುಂದೆ, ಆಮೇಲೆ ಮತ್ತೆ ಸಂಡೂರು. ಅರ್ಧ ಊರು ಕಲ್ಲಿನ ಬಳಿ, ಅರ್ಧ ಊರು ಹೋಟೆಲಿನ ಬಳಿ. ಹೊನ್ನೂರಮ್ಮ ನಡುವೆ ಒಲೆ ಇಟ್ಟುಕೊಂಡು ಎರಡು ಕಡೆಗೂ ಮಿರ್ಚಿ ಬಿಡುತ್ತಿದ್ದಳು.

ಬಸವಕುಮಾರ ಮೊದಲ ಬೆರಳು ಎತ್ತಿದ. ಟಿವಿಯಲ್ಲಿ ಕಂಪ್ಲಿಯ ಉದ್ದನೆ ಹುಡುಗ ಗೆರೆಯ ಹತ್ತಿರ ಬರುತ್ತಿದ್ದ. ಜಡೆಪ್ಪ ಡಾಕ್ಟರನ್ನು ಕಿವಿಯಲ್ಲೇ ಬಿಟ್ಟು ಕಣ್ಣು ಬಿಟ್ಟು ನೋಡಿದ. ಈ ಹುಡುಗನನ್ನು ಕಪ್ ಪೂರ್ತಿ ಕೇಳಿದ್ದಾನೆ. ಕೈಗೆ ಕೆಂಪು ದಾರ ಸುತ್ತಿಕೊಂಡು, ಹೋಗುವ ಮುಂಚೆ ಎರಡು ಸಲ ನೆಲ ಮುಟ್ಟಿದರೆ ಅವನು ಬರಿಗೈಯಲ್ಲಿ ಬರುವುದಿಲ್ಲ ಅಂತ ತ್ರಿವೇಣಿ ಅಷ್ಟು ಸಲ ಹೇಳಿದ್ದಳು. ಹುಡುಗ ಎರಡು ಸಲ ನೆಲ ಮುಟ್ಟಿದ.

“ಪಾಯಿಂಟ್ ತರ್ತಾನ,” ಅಂದ ಜಡೆಪ್ಪ.

ತಂದ. ಚಪ್ಪರದ ತಗಡು ಗುದ್ದಿ ಗುದ್ದಿ ಓಬಳೇಶ ಕುಣಿದ.

ಎರಡನೆಯ ಬೆರಳು ಎದ್ದಾಗ ಜಡೆಪ್ಪನಿಗೆ ಕೊಬ್ಬು ಹತ್ತಿತ್ತು. ಸಂಡೂರಿನ ಹೊಸ ಹುಡುಗ, ಕಡ್ಡಿಯ ಹಾಗಿದ್ದ. “ಇವ ಗಾಳಿಗೇ ಬೀಳ್ತಾನ” ಅಂದ. ಕಡ್ಡಿ ಹುಡುಗ ಮೂರು ಜನರನ್ನು ಮುಟ್ಟಿ, ಗಾಳಿಯ ಹಾಗೆ ವಾಪಸು ಬಂದ.

“ಒಂದೊಂದು ಆತು ಕಾಕಾ,” ಅಂತ ಬಸವಕುಮಾರ ಆಚೆಯಿಂದ ಕೂಗಿದ. “ಬೆಂಚು ಒರೆಸಿ ಇಡ್ಲಿ?”

ಮೂರನೆಯದನ್ನು ಅವನು ಕೊನೆಗೆ ಇಟ್ಟುಕೊಂಡ. ಕಟ್ಟಕಡೆಯ ರೇಡು, ಕಂಪ್ಲಿ ಒಂದೇ ಪಾಯಿಂಟ್ ಮುಂದೆ. ಸಂಡೂರಿನ ಕನಕರಾಜ್ ಬಂದ. ಲಾರಿಯ ಬಂಪರಿನಂಥ ಎದೆ. ಅವನು ಇಬ್ಬರನ್ನು ಮುಟ್ಟಿ ತಿರುಗಿ ಹೋದರೆ ಕಪ್ಪು ಸಂಡೂರಿಗೆ, ಸಿಕ್ಕಿಬಿದ್ದರೆ ಕಂಪ್ಲಿಗೆ. ಅವನ ಬಗ್ಗೆ ತ್ರಿವೇಣಿಯೇ, ‘ಇವರನ್ನು ದೇವರೂ ಊಹಿಸಲಾರ’ ಅಂದಿದ್ದಳು.

ಬೆರಳು ಎದ್ದಿತು. ಸದ್ದಡಗಿತು. ಬಾಣಲೆಯ ಎಣ್ಣೆ ಕೂಡ ಸುಮ್ಮನಾದ ಹಾಗಿತ್ತು. ಕನಕರಾಜ್ ಗೆರೆ ದಾಟಿದ. ಎಲ್ಲರ ಕಣ್ಣೂ ಜಡೆಪ್ಪನ ತುಟಿಯ ಮೇಲೆ. ಜಡೆಪ್ಪನ ತಲೆಯೊಳಗೆ ಏನೂ ಇರಲಿಲ್ಲ, ಬೆಂಚು ಬಿಟ್ಟರೆ. ಆ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತ ಒಬ್ಬ ಮುದುಕ, ಅವನ ಸುತ್ತ ತಪ್ಪುತಪ್ಪಾಗಿ ಮಾತಾಡುವ ಊರು.

“ಹೇಳ್ರಿ ಅಜ್ಜಾರ,” ಅಂತ ಓಬಳೇಶ ಪಿಸುಗುಟ್ಟಿದ.

ಆಗ ಕಿವಿಯೊಳಗೆ ಡಾಕ್ಟರು ನಿಟ್ಟುಸಿರು ಬಿಟ್ಟ. ಪಥ್ಯ ಮಾಡದ ಯಾರೋ ಸಕ್ಕರೆ ಕಾಯಿಲೆಯವನ ಕತೆ. “ಪಾಪಂ, ಪಥ್ಯಂ ಚೆಯ್ಯಲೇದು. ಚಿವರಿಕಿ ಓಡಿಪೋಯಾಡು.”

ಗಾಬರಿಯಲ್ಲಿದ್ದವನ ನಾಲಿಗೆ ಕಿವಿಗೆ ಬಿದ್ದದ್ದನ್ನು ಹಾಗೇ ಹೊರಗೆ ಹಾಕಿತು.

“ಓಡಿಪೋಯಾಡು!”

ಹೇಳಿದ ಮೇಲೆ ಜಡೆಪ್ಪನಿಗೆ ತಾನು ಏನು ಹೇಳಿದೆ ಅನ್ನುವುದು ಮೆಲ್ಲಗೆ ಇಳಿಯಿತು. ಇಳಿಯುತ್ತ ಇಳಿಯುತ್ತ ಮುಖದ ಮೇಲೆ ಬೆಣ್ಣೆ ಕರಗಿದ ಹಾಗೆ ಒಂದು ಸಮಾಧಾನ ಹರಡಿತು. ಕಾಲು ಮಡಚಿಕೊಂಡು, ಎಲೆ ಅಡಕೆ ಚೀಲ ಬಿಚ್ಚಿದ.

“ಓಡಿ ಹೋಗ್ತಾನಂತ,” ಅಂದ ಓಬಳೇಶ ಅಳುಮುಖ ಮಾಡಿ. “ಕಂಪ್ಲಿ ಸೋತಂಗ ಬಿಡ್ರಿ.”

ಟಿವಿಯಲ್ಲಿ ಕನಕರಾಜ್ ಒಬ್ಬನನ್ನು ಮುಟ್ಟಿದ, ಇನ್ನೊಬ್ಬನನ್ನು ಮುಟ್ಟಿದ, ಮೈ ತಿರುಗಿಸಿ ಗೆರೆಗೆ ಹಾರಿದ. ಹಾರಿದವನ ಕಾಲನ್ನು ಕಂಪ್ಲಿಯ ಉದ್ದನೆ ಹುಡುಗ ಗಾಳಿಯಲ್ಲೇ ಹಿಡಿದ. ಕನಕರಾಜನ ಬೆರಳು ಗೆರೆಯಿಂದ ಒಂದು ಗೇಣು ಈಚೆಗೆ ಮಣ್ಣು ಗೀರಿತು. ಸೀಟಿ ಕೂಗಿತು.

ಊರು ಎದ್ದು ಕುಣಿಯಿತು. ಕಂಪ್ಲಿ ಗೆದ್ದ ಸಂತೋಷದಲ್ಲಿ ಪಂದ್ಯದ ಮೇಲಿನ ಪಂದ್ಯ ಎಲ್ಲರಿಗೂ ಮರೆತೇ ಹೋಗಿತ್ತು. ಮರೆಯದವನು ಒಬ್ಬನೇ. ಬಸವಕುಮಾರ ಹೆಗಲ ಮೇಲೆ ಟವಲು ಹಾಕಿಕೊಂಡು ರಸ್ತೆ ದಾಟಿ ಬಂದ.

“ಬರ್ರಿ ಕಾಕಾ. ಬೆಂಚು ತಯಾರೈತಿ. ಓಡಿ ಹ್ವಾದ ಅಂದ್ರಿ, ಕಾಲು ಕೊಟ್ಟು ಬಿದ್ದ.”

“ಓಡಿ ಹ್ವಾದ ಅಂತ ನಾ ಯಾವಾಗ ಅಂದ್ನೋ ಕುಮಾರ?” ಜಡೆಪ್ಪ ಸುಣ್ಣ ಹಚ್ಚುತ್ತ ಕೇಳಿದ. “ಓಬಳೇಶಾ, ನಾ ಏನಂದೆ?”

“ಓಡಿ... ಪೋಯಾಡು ಅಂದ್ರಿ.”

“ಹ್ವಾದ ಅಂದ್ನ್ಯಾ, ಪೋಯಾಡು ಅಂದ್ನ್ಯಾ?”

“ಪೋಯಾಡು ಅಂದ್ರಿ.”

“ಯಾವ ಭಾಷಾ ಅದು?”

ಜನ ಎಲ್ಲ ಒಟ್ಟಿಗೆ ಹೊನ್ನೂರಮ್ಮನ ಕಡೆ ತಿರುಗಿದರು. ಅವಳು ತೂತುಗಳ ಜಾರಿ ಸೌಟಿನಿಂದ ಮಿರ್ಚಿ ಎತ್ತಿ ಎಣ್ಣೆ ಬಸಿಯುತ್ತಿದ್ದಳು. ಅವಳ ಹೊಟ್ಟೆ ಕುಲುಕುತ್ತಿತ್ತು, ಮುಖ ಮಾತ್ರ ಜಡ್ಜಿನ ಹಾಗಿತ್ತು.

“ತೆಲುಗು,” ಅಂದಳು. “ಅರ್ಥ, ಸೋತು ಹ್ವಾದ.”

“ಎಲ್ಲೈತಿ ನ್ಯಾಯ?” ಬಸವಕುಮಾರನ ದನಿ ಏರಿತು. “ಕಪ್ ಪೂರಾ ಕನ್ನಡದಾಗ ಹೇಳಿ, ಕೊನೀ ರೇಡಿಗೆ ತೆಲುಗು ಯಾಕ? ಬಿದ್ರ ತೆಲುಗು, ಓಡಿದ್ರ ಕನ್ನಡ. ಎರಡು ಬಸ್ಸಿನಾಗ ಒಂದೊಂದು ಕಾಲು ಇಟ್ಟಾರಿವರು.”

“ದೇವರ ವಾಣಿ ರೀ ಅದು,” ಅಂದ ಓಬಳೇಶ. “ಯಾವ ಭಾಷಾದಾಗ ಬರತೈತೋ ಹಂಗ ಬರತೈತಿ.”

“ದೇವರು ಆಂಧ್ರದಾವೇನ್ಲೇ?”

“ತಿರುಪತಿ ಎಲ್ಲೈತಿ ಮತ್ತ?”

ಬಸವಕುಮಾರ ಟವಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ. ಜಡೆಪ್ಪನಿಗೆ ಎಲೆ ಅಡಕೆ ಅಷ್ಟು ರುಚಿಯಾಗಿ ಎಂದೂ ಇರಲಿಲ್ಲ. ಓಬಳೇಶನ ತಗಡನ್ನೂ ಅವನು ಕ್ಷಮಿಸಿಬಿಟ್ಟ. ಹೊನ್ನೂರಮ್ಮ ಜಾರಿ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು.

“ತೀರ್ಪು ನಂದಲ್ಲ? ಕೇಳ್ರಿ. ಮಾವ ಹೇಳಿದ್ದು ಖರೇ ಆತು. ಮಾವ ಗೆದ್ದ.”

ಕಲ್ಲಿನ ಕಡೆಯವರು ಸಿಳ್ಳು ಹೊಡೆದರು.

“ಇನ್ನೂ ಮುಗಿದಿಲ್ಲ. ಕ್ರಿಕೆಟ್ ಪೂರಾ ಟಿವಿ ಬಾಯಿ ಬಂದ್. ಮಾತು ಮಾವಂದು. ಅದಕ್ಕ ಯಾರದೂ ತಕರಾರಿಲ್ಲ. ಆದ್ರ ಮಾವ ಗೆದ್ದಿದ್ದು ಕನ್ನಡದಾಗ ಅಲ್ಲ.” ಅವಳು ಜಾರಿಯನ್ನು ಜಡೆಪ್ಪನ ಮೂಗಿನ ನೇರಕ್ಕೆ ಹಿಡಿದಳು. “ಯಾವ ಭಾಷಾದಾಗ ಗೆದ್ದೀಯೋ, ಆ ಭಾಷಾದಾಗ ಮಾತಾಡಬೇಕು. ಒಂದು ಕನ್ನಡ ಶಬ್ದ ಬಿತ್ತಂದ್ರ ಸೀದಾ ಬೆಂಚಿಗೆ.”

ಜಡೆಪ್ಪನ ದವಡೆ ಅಗಿಯುವುದನ್ನು ನಿಲ್ಲಿಸಿತು.

“ಹೊನ್ನೂರೀ,” ಅಂದ ಮೆಲ್ಲಗೆ. ಅವನು ಮೆಲ್ಲಗೆ ಮಾತಾಡಿದ್ದನ್ನು ಊರು ಕೇಳಿದ್ದು ಅದೇ ಮೊದಲು. “ನಂಗ ತೆಲುಗು ಎಲ್ಲಿ ಬರತೈತಿ ಯವ್ವಾ?”

“ಯಾಕ ಮಾವಾ? ಕಿವಿ ಮಿಷನ್ನು ಐತಲ್ಲ, ಎಡಗಿವ್ಯಾಗ,” ಅಂದಳು ಅವಳು, ಅವನಿಗೊಬ್ಬನಿಗೇ ಕೇಳುವ ಹಾಗೆ. “ಚಪ್ಪರದಾಗ ಕುಂತು ಕಲಿ. ತಗಡು ಹೊಚ್ಚ ಹೊಸಾದೈತಿ.”

ಬಸವಕುಮಾರ ಮೊದಲು ನಕ್ಕ. ಆಮೇಲೆ ಊರು ನಕ್ಕಿತು.

ಕ್ರಿಕೆಟ್ ಶುರುವಾದ ದಿನ ಬಸವಕುಮಾರ ಮಾತಿನ ಹಾಗೆ ಟಿವಿಯ ದನಿ ತೆಗೆದು, ತನ್ನ ಕುರ್ಚಿ ಬಿಟ್ಟುಕೊಟ್ಟ. ಅಲ್ಲಿತನಕ ಜಡೆಪ್ಪ ದಿನವೂ ಚಪ್ಪರದಲ್ಲಿ ಕೂತು ಕಲಿತಿದ್ದ. ಆದರೆ ಚಪ್ಪರಕ್ಕೆ ಸಿಗುವ ಗುರು ಒಬ್ಬನೇ, ಆ ಡಾಕ್ಟರು. ಗುರುವಿಗೆ ತಕ್ಕ ಪಾಠ.

ಮೊದಲ ಬಾಲಿಗೆ ಬ್ಯಾಟಿನವನು ಬೌಂಡರಿ ಹೊಡೆದ. ಜಡೆಪ್ಪ ಎದ್ದು ನಿಂತು, ಮಿಲ್ಲಿನ ಕಾಲದ ಗಂಟಲು ತೆಗೆದು, ಬೌಲರನ್ನು ತೋರಿಸಿ ಒದರಿದ:

“ಕಡುಪುಲೋ ಮಂಟ!”

ಹೋಟೆಲು ಬಿದ್ದು ಬಿದ್ದು ನಕ್ಕಿತು. ವಿಕೆಟ್ ಬಿದ್ದರೆ “ಪಥ್ಯಂ ಚೆಯ್ಯಲೇದು” ಅಂದ. ಕ್ಯಾಚ್ ಬಿಟ್ಟವನಿಗೆ ದಿನಕ್ಕೆ ಎರಡು ಸಲ ಬಿಸಿನೀರು ಕುಡಿಯಲು ಹೇಳಿದ. ಬಿದ್ದ ಫೀಲ್ಡರು ಮೈ ಕೊಡವಿಕೊಂಡು ಎದ್ದಾಗ, ‘ಎದ್ದು’ ಅನ್ನುವುದು ತೆಲುಗಿನಲ್ಲೂ ಇದೆಯಲ್ಲ ಅಂತ ಧೈರ್ಯವಾಗಿ, “ಎದ್ದು ವಚ್ಚಿಂದಿ!” ಅಂದ. ಹೊನ್ನೂರಮ್ಮ ಬಾಣಲೆ ಬಿಟ್ಟು ನೆಲಕ್ಕೆ ಕೂತುಬಿಟ್ಟಳು.

“ಎತ್ತು ಬಂತಂತ, ಎತ್ತು!”

ಮರುದಿನ ಬೆಂಚು ಸಾಲಲಿಲ್ಲ. ಪಕ್ಕದ ದೇವಸಮುದ್ರದಿಂದಲೂ ಕಂಪ್ಲಿಯಿಂದಲೂ ಬೈಕು ಹತ್ತಿಕೊಂಡು ಜನ ಬಂದರು. ಬಸವಕುಮಾರ ಎರಡನೆಯ ಒಲೆ ಹಚ್ಚಿದ. ಟಿವಿಯ ದನಿ ತಿರುಗಿ ಹಾಕು ಅಂತ ಯಾರೂ ಕೇಳಲಿಲ್ಲ, ಅವನಿಗೂ ಹಾಕುವ ಮನಸ್ಸಿರಲಿಲ್ಲ.

ಮೂರನೆಯ ದಿನ ಮುದುಕಮ್ಮ ಬಂದಳು. ಹೆಂಗಸರ ಹಿಂದೆ ನಿಂತು ಗಂಡನ ತೆಲುಗನ್ನು ಒಂದು ಓವರಿನಷ್ಟು ಕೇಳಿದಳು. ಅವನು ಬಾಯಾರಿ ಕೂತಾಗ ಚೊಂಬು ನೀರು ಹಿಡಿದು ಮುಂದೆ ಬಂದಳು. ಜಡೆಪ್ಪ ಕನ್ನಡದಲ್ಲಿ ಬಾಯಿ ತೆರೆದವನು, ಹೊನ್ನೂರಮ್ಮನ ಜಾರಿ ಮೇಲೇರಿದ್ದನ್ನು ಕಂಡು ಮುಚ್ಚಿದ. ತೆಲುಗಿನಲ್ಲಿ ಹೆಂಡತಿಗೆ ಏನು ಹೇಳಬೇಕೋ ಡಾಕ್ಟರು ಇನ್ನೂ ಕಲಿಸಿರಲಿಲ್ಲ. ಚೊಂಬು ಇಸಕೊಂಡು ಸುಮ್ಮನೆ ಕುಡಿದ.

“ಹೊನ್ನೂರೀ,” ಅಂದಳು ಮುದುಕಮ್ಮ, “ಈ ತೀರ್ಪು ಮನೀಗೂ ಹತ್ತತೈತೇನವ್ವಾ?”